ಮೇಂಟೆನನ್ಸ್ ದಿಲೀಪನ ಖಂಡೇಪೂಜೆ

ದಿಲೀಪ ತನ್ನ ನೀಲಿ ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ‘ಮೇಂಟೆನನ್ಸ್’ ಎಂದು ಇಂಗ್ಲಿಷಿನಲ್ಲಿ ಕಸೂತಿ ಹಾಕಿಸಿಕೊಂಡ ದಿನದಿಂದ ಬಂಧುಬಳಗದ ಯಾವ ಯಂತ್ರಕ್ಕೂ ನೆಮ್ಮದಿ ಉಳಿಯಲಿಲ್ಲ. ಕಂಪನಿಯವರು ಅಂಗಿ ಕೊಟ್ಟಿದ್ದು ನಿಜ. ಆದರೆ ಅದರ ಮೇಲೆ ಏನೂ ಬರೆದಿರಲಿಲ್ಲ. ಬರೆಸಿದವನು ಇವನು, ಅದೂ ಅಕ್ಷರಗಳು ದೂರದಿಂದಲೂ ಎದ್ದು ಕಾಣಲಿ ಎಂದು ದರ್ಜಿಗೆ ಹೇಳಿ ದಪ್ಪ ದಾರ ಹಾಕಿಸಿದ್ದ. ಮದುವೆ, ಮುಂಜಿ, ಭಾನುವಾರದ ಸಂತೆ, ಎಲ್ಲಕ್ಕೂ ಅದೇ ಅಂಗಿ.

ಸಾಂಗ್ಲಿ ಹತ್ತಿರದ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆಯಲ್ಲಿ ಅವನ ಕೆಲಸ ಇಷ್ಟೇ. ಮಶೀನುಗಳಿಗೆ ಎಣ್ಣೆ ಬಿಡುವುದು, ಸಡಿಲಾದ ನಟ್ಟು ಬಿಗಿಯುವುದು, ಎರಕ ಹೊಯ್ದ ತುಂಡುಗಳ ಮೇಲೆ ಉಳಿದ ಬೇಡದ ಉಬ್ಬನ್ನು ಅರದಿಂದ ತಿಕ್ಕಿ ನುಣ್ಣಗೆ ಮಾಡುವುದು. ಆ ಉಬ್ಬಿಗೆ ಅಲ್ಲಿಯ ಭಾಷೆಯಲ್ಲಿ ‘ಬರ್’ ಅನ್ನುತ್ತಾರೆ. ಬರ್ ಕಂಡರೆ ತಿಕ್ಕು ಎಂದು ಫೋರ್‌ಮನ್ ಮೊದಲ ದಿನ ಹೇಳಿಕೊಟ್ಟಿದ್ದ. ಅಂದಿನಿಂದ ಇಂದಿನವರೆಗೆ ದಿಲೀಪನ ತಲೆಯೊಳಗೆ ಹೊಸದಾಗಿ ಸೇರಿದ ವಿದ್ಯೆ ಯಾವುದೂ ಇಲ್ಲ.

ಮಾಧವನಗರದ ಅವನ ಪಕ್ಕದ ಮನೆಯವರು ಒಮ್ಮೆ ಮಿಕ್ಸರ್ ರಿಪೇರಿಗೆ ಕೊಟ್ಟರು. ಇವನು ಬಿಚ್ಚಿದ, ಒರೆಸಿದ, ಎಣ್ಣೆ ಬಿಟ್ಟ, ಜೋಡಿಸಿ ಕೊಟ್ಟ. ಅವರು ಆಮೇಲೆ ಚಟ್ನಿಯನ್ನು ಒರಳಿನಲ್ಲಿ ಕುಟ್ಟತೊಡಗಿದರು. ಮರಳಿ ದೂರು ಬರಲಿಲ್ಲವಾದ್ದರಿಂದ ಕೆಲಸ ಪಕ್ಕಾ ಆಗಿದೆ ಎಂದು ದಿಲೀಪ ತಿಳಿದ. ಹೆಂಡತಿ ಮಂಗಲಾಳಿಗೆ ಒರಳಿನ ಸದ್ದು ದಿನಾ ಕೇಳುತ್ತಿತ್ತು. ಅವಳು ತನ್ನ ಮನೆಯ ಮಿಕ್ಸರನ್ನು ಅಟ್ಟದ ಮೇಲೆ ಬಚ್ಚಿಟ್ಟಳು.

ಮಂಗಲಾಳ ತವರು ಮಿರಜಿನಲ್ಲಿ. ಅಲ್ಲಿ ತಾಯಿ ತುಳಸವ್ವ, ತಂಗಿ ಕಾಂಚನ, ಇಬ್ಬರೇ. ಕಾಂಚನಾಳಿಗೆ ಸಣ್ಣಂದಿನಿಂದ ಕಣ್ಣು ಕಾಣದು. ಬಾಯಿ ಮಾತ್ರ ಬಹಳ ಹರಿತ. ಅವಳ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಇತ್ತು. ಪರದೆಯ ಮೇಲೆ ಬರುವುದನ್ನೆಲ್ಲ ಅದು ಓದಿ ಹೇಳುತ್ತದೆ, ಒತ್ತಿದ ಅಕ್ಷರವನ್ನೂ ಕೂಗಿ ಹೇಳುತ್ತದೆ. ಹೀಗಿರುವಾಗ ಪರದೆ ಏಕೆ ಬೇಕು ಎಂದು ಅವಳು ಮಾನಿಟರನ್ನು ಎಂದೋ ಮಲಗುವ ಕಾಟಿನ ಕೆಳಗೆ ತಳ್ಳಿದ್ದಳು. ವಾರಕ್ಕೊಮ್ಮೆ ಕುಳಿತು ಬೇಡದ ಫೈಲು ಅಳಿಸುವಳು, ಅಪ್‌ಡೇಟ್ ಹಾಕುವಳು, ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ದನಿ ಬರುತ್ತದೆಯೇ ಎಂದು ನೋಡುವಳು. ಹಿಂದೊಮ್ಮೆ ಒಂದು ಅಪ್‌ಡೇಟ್ ದನಿಯನ್ನೇ ನುಂಗಿ ಅವಳನ್ನು ಮೂರು ದಿನ ಅಳಿಸಿತ್ತು. ಅದಕ್ಕೇ ದನಿಯ ಒಂದು ನಕಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಳು.

ಈ ಕೆಲಸಕ್ಕೆ ಅವಳು ಫೋನಿನಲ್ಲಿ ಗೆಳತಿಯೊಬ್ಬಳ ಮುಂದೆ ಮೇಂಟೆನನ್ಸ್ ಎಂಬ ಹೆಸರು ಬಳಸಿದ್ದೇ ತಪ್ಪಾಯಿತು. ಖಂಡೇನವಮಿಯ ಆಯುಧಪೂಜೆಗೆಂದು ಹೆಂಡತಿಯೊಡನೆ ಅತ್ತೆಯ ಮನೆಗೆ ಬಂದು ಚಹಾ ಕುಡಿಯುತ್ತಿದ್ದ ದಿಲೀಪನ ಕಿವಿ ನೆಟ್ಟಗಾಯಿತು.

“ಏನ ಕಾಂಚನಾ, ಮೇಂಟೆನನ್ಸ್ ಅಂದ್ಯಲ್ಲ, ಯಾರ ಬಂದಿದ್ರು ಮಾಡಾಕ?”

“ಯಾರೂ ಬಂದಿಲ್ಲ ದಾಜಿ. ನಾನ ಮಾಡ್ಕೋತೇನಿ.” ಅಕ್ಕನ ಗಂಡನಿಗೆ ಆ ಕಡೆ ಕನ್ನಡದವರೂ ದಾಜಿ ಎಂದೇ ಅನ್ನುವುದು.

“ನೀನ? ಪಾನಾ ಎಲ್ಲೈತಿ ನಿನ್ನ ಕಡೆ?”

“ಪಾನಾ ಬೇಕಾಗಂಗಿಲ್ರಿ.”

“ಎಣ್ಣಿ?”

“ಎಣ್ಣೀನೂ ಬ್ಯಾಡ್ರಿ.”

ದಿಲೀಪ ಅತ್ತೆಯ ಕಡೆ ಮರುಕದಿಂದ ನೋಡಿದ. ನಟ್ಟು ಬಿಗಿಯುವ ಪಾನಾ ಇಲ್ಲದೆ, ಎಣ್ಣೆ ಇಲ್ಲದೆ, ಕಣ್ಣೂ ಇಲ್ಲದೆ ಈ ಹುಡುಗಿ ಮೇಂಟೆನನ್ಸ್ ಮಾಡುತ್ತಾಳಂತೆ. ಅದೂ ಮನೆಗೆ ಇಂಥ ಅಳಿಯನಿರುವಾಗ. ಅವನಿಗೆ ನಿಜವಾಗಿಯೂ ಅವಮಾನವಾಯಿತು.

ಮರುದಿನ, ದಸರೆಯ ಮುಂಜಾನೆ, ಕಾಂಚನಾಳಿಗೆ ಪರೀಕ್ಷೆ ಇತ್ತು. ಒಂದಷ್ಟು ದವಾಖಾನೆಗಳಿಗೆ ಸೇರಿ ಒಂದೇ ಕಚೇರಿ. ಫೋನಿನಲ್ಲಿ ರೋಗಿಗಳ ಹೆಸರು, ಬೇನೆ ಕೇಳಿ ಬರೆದುಕೊಂಡು ಅವರಿಗೆ ಪಾಳಿ ಕೊಡುವ ಕೆಲಸ, ಮನೆಯಲ್ಲೇ ಕುಳಿತು ಮಾಡುವುದು. ಬೇನೆಗೆ ರಜೆ ಇಲ್ಲವಾದ್ದರಿಂದ ಆ ಕಚೇರಿಗೂ ದಸರೆಯ ರಜೆ ಇರಲಿಲ್ಲ. ಪುಣೆಯ ಮ್ಯಾಡಂ ಒಬ್ಬರು ವಿಡಿಯೋ ಕಾಲ್‌ನಲ್ಲಿ ಕೂತು ನೋಡುವವರಿದ್ದರು. ಈ ಮುಂಚೆ ಕಾಂಚನಾಳನ್ನು ಬೇರೆ ಕಡೆ ಫೋನಿನಲ್ಲಿ ಒಪ್ಪಿಕೊಂಡು, ಕಣ್ಣಿಲ್ಲವೆಂದು ತಿಳಿದ ಕೂಡಲೇ ಜಾಗ ತುಂಬಿದೆ ಎಂದು ಹೇಳಿ ಕೈತೊಳೆದುಕೊಂಡಿದ್ದರು. ಇವರು ಮಾತ್ರ ತಿಳಿದೂ ಕರೆದಿದ್ದರು. ಇದೊಂದು ಕೈತಪ್ಪಿದರೆ ಮತ್ತೆ ತಾಯಿಯ ಸೆರಗು ಹಿಡಿದು ಮೂಲೆಯಲ್ಲಿ ಕೂರುವುದೇ ಗತಿ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಕ್ಯಾಮೆರಾ ಹಚ್ಚಿ ಕಂಪ್ಯೂಟರನ್ನು ಹದವಾಗಿ ಸಜ್ಜು ಮಾಡಿ ಇಟ್ಟಿದ್ದಳು.

ಖಂಡೇನವಮಿಯ ಆ ದಿನ ಅಕ್ಕನ ಜೊತೆ ಚೆಂಡುಹೂವು, ಬನ್ನಿ ತರಲು ಪೇಟೆಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು: “ದಾಜಿ, ಕಂಪ್ಯೂಟರಿಗೆ ಹೂವ ಏರಿಸ್ರಿ, ಕುಂಕುಮ ಹಚ್ಚರಿ, ಊದಿನಕಡ್ಡಿ ಬೆಳಗ್ರಿ. ಒಳಗ ಮಾತ್ರ ಕೈ ಹಾಕಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ.”

ಕೈ ಹಾಕಬೇಡಿ ಎಂದಳೆಂದರೆ ಒಳಗೆ ಏನೋ ಕೆಟ್ಟಿದೆ, ಪಾಪ, ಹೇಳಲಾರದೆ ಮುಚ್ಚಿಡುತ್ತಿದ್ದಾಳೆ ಎಂದು ದಿಲೀಪ ಅರ್ಥ ಮಾಡಿಕೊಂಡ. ಅವರು ಓಣಿ ದಾಟುವುದರೊಳಗೆ ಚೀಲದಿಂದ ಪಾನಾ, ಎಣ್ಣೆಯ ಡಬ್ಬಿ, ಸಣ್ಣ ಅರ ಹೊರಬಂದವು.

ತುಳಸವ್ವ ಹೋಳಿಗೆಯ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಹುಡುಗಿ ಬ್ಯಾಡಂದಾಳಲ್ರಿ ಅಳಿಯಂದ್ರ…”

“ಅತ್ತಿ, ನಿಮ್ಮ ಒಲಿ ವಿಷಯದಾಗ ನಾ ಬಾಯಿ ಹಾಕೇನೇನು?”

ತುಳಸವ್ವನಿಗೆ ಹಳೆಯದು ನೆನಪಾಯಿತು. ಹೋದ ವರ್ಷದ ಹಬ್ಬದಲ್ಲಿ ಹಪ್ಪಳ ಮೆತ್ತಗಾಗಿದೆ ಎಂದು ಈ ಮಹಾಶಯ ಅರ್ಧ ಊಟಕ್ಕೆ ಎದ್ದು ಹೋಗಿದ್ದ. ಅವನನ್ನು ಕರೆತರಲು ಮೂರು ಮಂದಿ ಹಿರಿಯರು ಬಸ್‌ಸ್ಟ್ಯಾಂಡಿನವರೆಗೆ ಹೋಗಬೇಕಾಗಿತ್ತು. ಅಳಿಯನ ಮುನಿಸಿಗಿಂತ ಕಂಪ್ಯೂಟರು ದೊಡ್ಡದಲ್ಲ ಎಂದುಕೊಂಡು ಆಕೆ ಒಲೆಯ ಮುಂದೆ ಹೋಗಿ ಕುಳಿತಳು.

ಅಷ್ಟರಲ್ಲಿ ಎದುರು ಮನೆಯ ಗುರುಸಿದ್ಧಪ್ಪ ಬಂದ. ಸಾಂಗ್ಲಿಯ ಒಂದು ಸರಕಾರಿ ಕಚೇರಿಯ ದಫ್ತರಿನಲ್ಲಿ ಆಯುಷ್ಯ ಕಳೆದು ನಿವೃತ್ತನಾದ ಮುದುಕ. ಅವನ ಕಾಲದಲ್ಲಿ ಯಾವ ಕಾಗದವೂ ಬೇಕಾದವರಿಗೆ ಸಿಕ್ಕಿದ್ದಿಲ್ಲ, ಆದರೆ ಎಲ್ಲವೂ ಅಕ್ಷರಾನುಕ್ರಮದಲ್ಲಿ ಇದ್ದವು. ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ.

“ದಿಲೀಪರಾವ್, ಇದಕ್ಕ ಮಾರೀನ ಇಲ್ಲಲ್ಲ, ಬರೇ ಮೈ ಐತಿ?” ಎಂದ ಗುರುಸಿದ್ಧಪ್ಪ, ಮಾನಿಟರ್ ಇಲ್ಲದ ಮೇಜು ನೋಡಿ.

“ನೋಡ್ರಿ ಕಾಕಾ! ಇಷ್ಟ ದಿನ ಹಿಂಗ ನಡಸ್ಯಾಳ. ಯಾರಿಗೂ ಹೇಳಿಲ್ಲ.” ದಿಲೀಪ ಕಾಟಿನ ಕೆಳಗಿನಿಂದ ಮಾನಿಟರ್ ಎಳೆದು, ಧೂಳು ಹೊಡೆದು, ಹಚ್ಚಿದ. ಇದು ಅವನ ಮೊದಲನೆಯ ಉಪಕಾರ. ಎರಡನೆಯದಾಗಿ ಡಬ್ಬದ ಒಳಗಿನ ಫ್ಯಾನಿಗೆ ಎಣ್ಣೆ ಬಿಟ್ಟ. ಕೋಣೆಯೆಲ್ಲ ಹೊಲಿಗೆ ಮಶೀನಿನ ವಾಸನೆ ಹರಡಿತು. ಬಿಗಿಯಲು ನಟ್ಟು ಸಿಗದೆ ಸ್ವಲ್ಪ ನಿರಾಶೆಯಾಯಿತು.

ಆಮೇಲೆ ಕೀಬೋರ್ಡಿನ ಸರದಿ. ಚಮಚದ ಹಿಡಿಕೆಯಿಂದ ಒಂದೊಂದೇ ಕೀಲಿಯನ್ನು ಎಬ್ಬಿಸಿ ಕಿತ್ತು ಊಟದ ತಾಟಿನಲ್ಲಿ ಹಾಕಿದ. ತೊಳೆದ, ಬಿಸಿಲಿಗೆ ಹರವಿದ. ಒಣಗಿದ ಮೇಲೆ ಪ್ರತಿಯೊಂದನ್ನೂ ಬೆರಳಿನಿಂದ ಸವರಿ ಪರೀಕ್ಷಿಸುತ್ತ ಬಂದವನು ಒಮ್ಮೆಲೇ ತಡೆದ. ಎಫ್ ಎಂಬ ಕೀಲಿಯ ಮೇಲೆ ಒಂದು ಸಣ್ಣ ಗೀಟು ಎದ್ದಿತ್ತು. ಜೆ ಎಂಬುದರ ಮೇಲೆ ಅಂಥದೇ ಇನ್ನೊಂದು.

“ಕಾಕಾ, ಕೈ ಆಡಸ್ರಿ ಇಲ್ಲೆ. ಬರ್!”

“ಹಂಗಂದ್ರ?”

“ಎರಕ ಹೊಯ್ದಾಗ ಉಳದದ್ದು. ಕಂಪನಿಯವರು ಹಂಗ ಮಾರ್ಯಾರ. ಕುಪವಾಡದಾಗ ಇಂಥಾ ಮಾಲು ಗೇಟ್ ದಾಟಂಗಿಲ್ಲ.”

ಗುರುಸಿದ್ಧಪ್ಪ ತಲೆದೂಗಿದ. ದಿಲೀಪ ಅರ ತೆಗೆದುಕೊಂಡು ಎರಡು ಗೀಟುಗಳನ್ನೂ ನುಣ್ಣಗೆ ತಿಕ್ಕಿದ, ಊದಿದ, ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡ. ಆ ಗೀಟುಗಳು ಅಲ್ಲಿ ಯಾಕಿವೆ ಎಂದು ಕೇಳಿದ್ದರೆ ಪಕ್ಕದ ಶಾಲೆಯ ಯಾವ ಹುಡುಗನಾದರೂ ಹೇಳುತ್ತಿದ್ದ. ನೋಡದೆ ಟೈಪ್ ಮಾಡುವವರು ಎರಡು ತೋರುಬೆರಳುಗಳನ್ನು ಇಡುವ ಜಾಗ ಅದು. ಅಲ್ಲಿಂದಲೇ ಉಳಿದ ಬೆರಳುಗಳಿಗೆ ದಿಕ್ಕು. ಆದರೆ ಕೇಳುವುದು ಮೇಂಟೆನನ್ಸ್ ಮಾಡುವವನ ಘನತೆಗೆ ತಕ್ಕುದಲ್ಲ.

ಮರಳಿ ಕೂರಿಸಲು ಹೋದಾಗ ಯಾವುದು ಎಲ್ಲಿತ್ತೆಂದು ನೆನಪಾಗಲಿಲ್ಲ. ಇದ್ದುದು ಹೇಗಿತ್ತು ಎಂದು ಕೇಳಿದರೆ ಗುರುಸಿದ್ಧಪ್ಪನಿಗೆ ಸಿಟ್ಟೇ ಬಂತು. “ಹೆಂಗರ ಇರಲಿ, ಅಡ್ಡಾದಿಡ್ಡಿ ಇತ್ತು. ಎ ಮೂಲ್ಯಾಗ ಬಿದ್ದಿತ್ತು, ಮೊದಲನೇ ಮಣಿ ಮ್ಯಾಲೆ ಕ್ಯೂ ಕುಂತಿತ್ತು. ನಮ್ಮ ಸಾಹೇಬರು ನೋಡಿದ್ರ ಸಸ್ಪೆಂಡ್ ಮಾಡತಿದ್ರು. ಎ ಬಿ ಸಿ ಡಿ ಸಾಲಾಗಿ ಹಚ್ಚರಿ.”

ಹಚ್ಚಿದರು. ಗುಂಡಿ ಒತ್ತಿದಾಗ ಕಂಪ್ಯೂಟರ್ ಮಾತಾಡಿತು. ಇಬ್ಬರೂ ಕೈ ಕುಲುಕಿಕೊಂಡು ಅದನ್ನು ಬಂದ್ ಮಾಡಿ, ಕುಂಕುಮ ಹಚ್ಚಿ, ಹೂ ಏರಿಸಿ, ಹೋಳಿಗೆ ತಿನ್ನಲು ಕುಳಿತರು. ಪೂಜೆಯಾದ ಆಯುಧವನ್ನು ದಸರೆಯ ಮುಂಜಾನೆಯವರೆಗೆ ಮುಟ್ಟಬಾರದೆಂದು ತುಳಸವ್ವನ ಕಟ್ಟುನಿಟ್ಟು. ಪೇಟೆಯಿಂದ ಬಂದ ಕಾಂಚನ ಎಣ್ಣೆಯ ವಾಸನೆಗೆ ಮೂಗು ಮುರಿದಳು. ತನ್ನ ಕೆಲಸವನ್ನು ಮರುದಿನ ಒಮ್ಮೆಲೇ ತೋರಿಸಬೇಕೆಂದಿದ್ದ ದಿಲೀಪ, ಪಾನಾದ ಚೀಲ ತೆರೆದಿದೆ, ಅದಕ್ಕೆ ಎಂದು ಹೇಳಿದ್ದನ್ನು ನಂಬಿದಳು.

ದಸರೆಯ ಮುಂಜಾನೆ ಕಾಂಚನ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಹೂ ಸರಿಸಿ ಕುಳಿತಳು. ಪರೀಕ್ಷೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಕೀಬೋರ್ಡಿನ ಮೇಲೆ ಕೈ ಇಟ್ಟಳು. ಬೆರಳುಗಳು ಅತ್ತ ಸರಿದವು, ಇತ್ತ ಸರಿದವು, ಮತ್ತೆ ಅತ್ತ ಹೋದವು.

“ಗೀಟ ಎಲ್ಲಿ ಹೋದ್ವು?”

ಮೆಚ್ಚುಗೆಗಾಗಿ ಹಿಂದಿನ ದಿನದಿಂದ ಕಾದಿದ್ದ ದಿಲೀಪ ಜೇಬು ಕಾಣುವಂತೆ ಎದೆ ಮುಂದೆ ಮಾಡಿ ನಿಂತ. ಕಾಣದವಳ ಮುಂದೆ ಹಾಗೆ ನಿಂತಿದ್ದೇನೆಂದು ಅವನಿಗೆ ಹೊಳೆಯಲೂ ಇಲ್ಲ. “ಅವಾ? ಬರ್ ಇದ್ವು. ಅರ ಹಾಕಿ ತಗದೇನಿ. ಹೆಂಗ ನುಣ್ಣಗ ಆಗ್ಯಾವ ನೋಡ.”

ಕಾಂಚನ ನುಣುಪಾದ ಕೀಲಿಗಳನ್ನು ಇನ್ನೊಮ್ಮೆ ಸವರಿದಳು. ಆಮೇಲೆ ಅಂದಳು: “ದಾಜಿ, ನಿಮ್ಮ ಮೂಗಿಗೂ ಒಮ್ಮಿ ಅರ ಹಾಕಿ ನೋಡ್ರಿ. ಅದೂ ಭಾಳ ಎದ್ದೈತಿ.”

“ಕಾಂಚನಾ! ಅಳಿಯಂದ್ರಿಗಿ ಹಂಗಂತಾರೇನ?” ಎಂದು ತುಳಸವ್ವ ಹೌಹಾರಿದಳು.

“ಸಿಟ್ಟಾಗಬ್ಯಾಡ್ರಿ ಅತ್ತಿ, ಹುಡುಗಿ ಗಾಬರಿ ಆಗ್ಯಾಳ,” ಎಂದು ದಿಲೀಪ ದೊಡ್ಡ ಮನಸ್ಸು ಮಾಡಿದ. “ಗೀಟ ಇಲ್ದಿದ್ರ ಏನಾತು? ಕಣ್ಣಿದ್ದಾಂವ ನಾ ಇದ್ದೇನಲ್ಲ. ಯಾವ ಅಕ್ಷರ ಬೇಕು ಹೇಳ.”

“ಎಫ್, ಜೆ. ಬೆರಳ ಇಟ್ಟು ಕೊಡ್ರಿ ಸಾಕು.”

ದಿಲೀಪ ಅವಳ ಎರಡು ಬೆರಳು ಹಿಡಿದು ಮೇಲಿನ ಸಾಲಿನಲ್ಲಿ ಎಫ್ ಎಂದು ಬರೆದಿದ್ದರ ಮೇಲೊಂದು, ಜೆ ಎಂದು ಬರೆದಿದ್ದರ ಮೇಲೊಂದು ಇಟ್ಟ. ಅವಳು ಒತ್ತಿದಳು. ಕಂಪ್ಯೂಟರ್ ಸ್ಪಷ್ಟವಾಗಿ ಮೊದಲು ‘ವೈ’ ಎಂದಿತು, ಆಮೇಲೆ ‘ಪಿ’ ಎಂದಿತು.

“ಇದು ಎಫ್ ಅಲ್ಲ ದಾಜಿ.”

“ಎಫ್ ಐತಿ!”

“ವೈ ಅಂತೈತ್ರಿ.”

“ಸುಳ್ಳ ಹೇಳತೈತಿ ಅದು. ನನ್ನ ಕಣ್ಣಿಗಿ ಕಾಣಸ್ತೈತಿ, ಇಷ್ಟ ದೊಡ್ಡ ಎಫ್ ಬರದೈತಿ. ಕಾಕಾ, ನೀವ ಹೇಳ್ರಿ.”

ಬನ್ನಿ ಕೊಡಲು ಬಂದು ಹೊಸ್ತಿಲಲ್ಲಿ ನಿಂತಿದ್ದ ಗುರುಸಿದ್ಧಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. “ಎಫ್! ನಾ ಬೇಕಾದ್ರ ಕೋರ್ಟಿನ್ಯಾಗ ಹೇಳ್ತೇನಿ. ಈ ಮಶೀನಿನ ಬಾಯಿ ಕೆಟ್ಟೈತಿ.”

“ಹಂಗಾರ ಆ ಬಾಯಿ ತಗದ ಬಿಡೂಣು,” ಎಂದು ದಿಲೀಪ ಪಾನಾಕ್ಕೆ ಕೈ ಹಾಕಿದ. ಮಂಗಲಾ ಅವನ ಕೈಯಿಂದ ಪಾನಾ ಕಸಿದುಕೊಂಡು ಸೆರಗಿನ ಕೆಳಗೆ ಇಟ್ಟುಕೊಂಡಳು.

ಆ ಗಳಿಗೆಗೆ ಸರಿಯಾಗಿ ವಿಡಿಯೋ ಕಾಲಿನ ಗಂಟೆ ಬಡಿಯಿತು. ದಿಲೀಪ ಜೋಡಿಸಿಟ್ಟ ಮಾನಿಟರಿನ ಮೇಲೆ ಪುಣೆಯ ಸುಮನ ಮ್ಯಾಡಂ ಮೂಡಿದರು. ಅವರಿಗೆ ಒಬ್ಬ ಅಭ್ಯರ್ಥಿ ಕಾಣಬೇಕಿತ್ತು. ಕಂಡದ್ದು ಒಂದು ಕುಟುಂಬ, ಒಬ್ಬ ಮುದುಕ, ಮಧ್ಯದಲ್ಲಿ ಕೆಂಪು ಅಕ್ಷರದ ಜೇಬು.

“ಹೇ ಕೋಣ್?” ಇವರು ಯಾರು ಎಂದು ಮ್ಯಾಡಂ ಮರಾಠಿಯಲ್ಲಿ ಕೇಳಿದರು.

ದಿಲೀಪ ಕ್ಯಾಮೆರಾದ ಹತ್ತಿರ ಬಂದು, ತಾನೇ ಇಲ್ಲಿಯ ಮೇಂಟೆನನ್ಸ್ ಎಂದೂ, ಮಶೀನಿಗೆ ನಿನ್ನೆಯೇ ಎಣ್ಣೆ ಬಿಟ್ಟಿದ್ದೇನೆಂದೂ, ಹುಡುಗಿಗೆ ಅಕ್ಷರ ಸಿಗದಿದ್ದರೆ ತಾನು ತೋರಿಸುವೆನೆಂದೂ ಮರಾಠಿಯಲ್ಲೇ ವರದಿ ಒಪ್ಪಿಸಿದ. ಮ್ಯಾಡಂ ಮುಖ ಗಂಟಾಯಿತು. ಬೇರೆಯವರು ಅಕ್ಷರ ತೋರಿಸಿದರೆ ಅಲ್ಲಿಗೇ ಅನರ್ಹ, ಐದು ನಿಮಿಷದಲ್ಲಿ ಸಿದ್ಧರಾಗದಿದ್ದರೆ ಮುಂದಿನವರನ್ನು ಕರೆಯುತ್ತೇನೆ ಎಂದರು.

ಕಾಂಚನಾಳಿಗೆ ಅಳು ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಗುರುಸಿದ್ಧಪ್ಪ ಸಮಾಧಾನ ಹೇಳಿದ: “ಹೆದರಬ್ಯಾಡ ಮಗಳ. ಹುಡಕೂದು ಈಗ ಹಗರ ಆಗೈತಿ. ಎ ಬಿ ಸಿ ಡಿ ಸಾಲಾಗಿ ಹಚ್ಚೇವಿ.”

“ಏನಂದ್ರಿ?”

“ಸಾಲಾಗಿ! ಮೊದಲ ಎ, ಆಮ್ಯಾಲ ಬಿ.”

ಕಾಂಚನ ಅಳುವುದನ್ನು ಬಿಟ್ಟಳು. ಮೇಲೆ ಕೂರಿಸಿದ ಕೀಲಿಯ ಟೊಪ್ಪಿಗೆ ಬದಲಾಗಿದೆ, ಕೆಳಗಿನ ಗುಂಡಿ ಇದ್ದಲ್ಲೇ ಇದೆ. ಬರೆದದ್ದು ಏನಿದ್ದರೂ ಅವಳಿಗೆ ಏನಂತೆ? ಅದನ್ನು ಓದುವುದು ಕಣ್ಣಿದ್ದವರ ಕರ್ಮ. ತುದಿಯಿಂದ ಒಂದೊಂದೇ ಗುಂಡಿ ಒತ್ತುತ್ತ, ದನಿ ಕೇಳುತ್ತ ಹೋದಳು. ದನಿ ‘ಎಫ್’ ಎಂದ ಕೂಡಲೇ ತನ್ನ ಹಣೆಗೆ ಬೊಟ್ಟಾಗಿ ಅಂಟಿಸಿಕೊಂಡಿದ್ದ ಟಿಕಳಿ ಕಿತ್ತು ಆ ಗುಂಡಿಗೆ ಅಂಟಿಸಿದಳು. ದನಿ ‘ಜೆ’ ಎಂದಿತು.

“ಅಕ್ಕಾ, ನಿನ್ನ ಟಿಕಳಿ ಕೊಡ.”

ತುಳಸವ್ವ ಕಿಟಾರನೆ ಕಿರುಚಿದಳು. “ಹಬ್ಬದ ದಿನ! ಗಂಡ ಕಣ್ಣ ಮುಂದ ನಿಂತಾನ, ಹಣಿ ಬರಿದ ಮಾಡ್ಕೋತಿಯೇನ?”

“ನಿಂತಾನ ಅನ್ನೂದ ಕಾಣಸ್ತೈತಿ ಬಿಡವಾ,” ಎಂದು ಮಂಗಲಾ ಟಿಕಳಿ ಕಿತ್ತು ತಂಗಿಯ ಬೆರಳಿಗೆ ಹಚ್ಚಿದಳು.

ಮುಂದಿನ ಅರ್ಧ ಗಂಟೆ ಆ ಕೋಣೆಯಲ್ಲಿ ಕೇಳಿದ್ದು ಮ್ಯಾಡಂ ಹೇಳುವ ಹೆಸರು, ಊರು, ಹಲ್ಲುನೋವು, ಮೊಣಕಾಲು ನೋವು, ಅದರ ಬೆನ್ನಿಗೇ ಟಕಟಕ ಸದ್ದು. ಕಾಂಚನ ನಡುವೆ ಫೋನು ಎತ್ತುವಳು, ಇಡುವಳು. ಬೆರಳು ಮರಳಿ ಬಂದು ಟಿಕಳಿ ಹುಡುಕಿ ಕೂರುವುದು. ದಿಲೀಪ ಕೀಬೋರ್ಡನ್ನೇ ನೋಡುತ್ತಿದ್ದ. ಒಂದಕ್ಷರವೂ ಸರಿಯಾದ ಕೀಲಿಯ ಮೇಲೆ ಬೀಳುತ್ತಿರಲಿಲ್ಲ. “ಎಲ್ಲಾ ತಪ್ಪ ಹೊಡ್ಯಾಕತ್ಯಾಳ ಕಾಕಾ,” ಎಂದು ಪಿಸುಗುಟ್ಟಿ ಹಣೆ ಹಣೆ ಬಡಿದುಕೊಂಡ. ಗುರುಸಿದ್ಧಪ್ಪನೂ ಲೊಚಗುಟ್ಟಿದ.

ಮುಗಿದಾಗ ಮ್ಯಾಡಂ ತಮ್ಮ ಕಡೆಗೆ ಬಂದ ಬರಹವನ್ನು ಓದಿ ನೋಡಿದರು. ಒಂದೂ ತಪ್ಪಿಲ್ಲ, ಸೋಮವಾರದಿಂದ ಕೆಲಸಕ್ಕೆ ಹತ್ತಿರಿ ಎಂದರು. ಆಮೇಲೆ ಕಚೇರಿಯ ಪದ್ಧತಿ ನೆನಪಾಯಿತು. ಅಭ್ಯರ್ಥಿಗೆ ಯಾರೂ ನೆರವಾಗಲಿಲ್ಲ ಎಂದು ಮನೆಯ ಒಬ್ಬರು ಸಾಕ್ಷಿಯಾಗಿ ತಮ್ಮ ಹೆಸರು ಟೈಪ್ ಮಾಡಬೇಕಿತ್ತು.

ದಿಲೀಪ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟ. ಒಂದು ಬೆರಳಿನಿಂದ, ಕಣ್ಣು ಕಿರಿದು ಮಾಡಿ, ಅಕ್ಷರ ನೋಡಿ ನೋಡಿ ತನ್ನ ಹೆಸರು ಒತ್ತಿದ. ಕಂಪ್ಯೂಟರ್ ಅದನ್ನು ಓದಿ ಹೇಳಿತು. ಆ ಹೆಸರಿನ ಮನುಷ್ಯ ಯಾವ ದೇಶದಲ್ಲೂ ಹುಟ್ಟಿರಲಾರ. ಅಳಿಸಿ ಇನ್ನೊಮ್ಮೆ ಒತ್ತಿದ, ಇನ್ನೂ ಬಿಗಿಯಾಗಿ. ಅದೇ ಮನುಷ್ಯ ಮತ್ತೆ ಬಂದ.

“ಸರೀರಿ, ನಾ ಸರಕಾರಿ ಕೆಲಸ ಮಾಡಿದಾಂವ,” ಎಂದು ಗುರುಸಿದ್ಧಪ್ಪ ಅವನನ್ನು ಎಬ್ಬಿಸಿ ಕುಳಿತ. ಅವನ ಹೆಸರು ಉದ್ದವಿದ್ದುದರಿಂದ ಅನಾಹುತವೂ ಉದ್ದವಾಯಿತು. ಓದುವ ದನಿ ನಡುವೆ ಎರಡು ಸಲ ಉಸಿರು ತೆಗೆದುಕೊಂಡಿತು.

ಮ್ಯಾಡಂ ಇಬ್ಬರನ್ನೂ ಕನಿಕರದಿಂದ ನೋಡಿದರು. “ಹರಕತ್ ನಾಹೀ,” ಇರಲಿ ಬಿಡಿ ಎಂದರು. “ಕಾಂಚನಾತಾಯಿ, ನಿಮ್ಮ ಮನೆಯಲ್ಲಿ ಓದು ಬರಹ ಬಲ್ಲವರು ನೀವೊಬ್ಬರೇ ಎಂದು ಬರೆದುಕೊಳ್ಳುತ್ತೇನೆ.”

ಕಾಲ್ ಮುಗಿದ ಮೇಲೆ ತುಳಸವ್ವ ಮಗಳ ಬಾಯಿಗೆ ಸಕ್ಕರೆ ಹಾಕಿ ಅತ್ತಳು. ಕೀಲಿಗಳನ್ನು ಮೊದಲಿನ ಹಾಗೆ ಕೂರಿಸಲೇ ಎಂದು ಮಂಗಲಾ ಕೇಳಿದಳು. ಕಾಂಚನ ಕೀಬೋರ್ಡಿನ ಮೇಲೆ ಅಡ್ಡ ಕೈ ಇಟ್ಟಳು.

“ಬ್ಯಾಡ, ಹಿಂಗ ಇರಲಿ. ದಾಜಿ ಜನ್ಮದಾಗ ಮಾಡಿದ್ದು ಒಂದ ಚಲೋ ಮೇಂಟೆನನ್ಸ್. ಇನ್ನ ಕಣ್ಣಿದ್ದವರು ಯಾರೂ ಇದನ್ನ ಮುಟ್ಟಂಗಿಲ್ಲ.”

ದಿಲೀಪ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡು, ಗೆದ್ದವನಂತೆ ಅತ್ತೆಯ ಕಡೆ ನೋಡಿದ. ಎಲ್ಲರೂ ಬನ್ನಿ ಹಂಚಿಕೊಳ್ಳತೊಡಗಿದರು. ಕಾಂಚನ ಎಲೆ ಹಿಡಿದು ಬಂದು, “ಬನ್ನಿ ತಗೊಂಡು ಬಂಗಾರದಂಗ ಇರೂಣು ದಾಜಿ,” ಎಂದು ಕೈ ಚಾಚಿದಳು. ಅವಳ ಬೆರಳು ಅವನ ಎದೆಗೆ ತಾಕಿತು, ಜೇಬಿನ ಮೇಲೆ ನಿಂತಿತು, ದಪ್ಪ ದಾರದ ಅಕ್ಷರಗಳ ಮೇಲೆ ಸಾವಕಾಶ ಈ ತುದಿಯಿಂದ ಆ ತುದಿಗೆ ಹರಿಯಿತು.

“ಅಕ್ಕಾ,” ಎಂದಳು. “ದಾಜಿ ಅಂಗಿ ಮ್ಯಾಲೆ ಇಷ್ಟುದ್ದ ಬರ್ ಉಳದೈತಲ್ಲ. ನೋಡೀ ಇಲ್ಲೇನ?”

“ಕಂಡಿತ್ತವಾ. ಇಷ್ಟ ದಿನ ಅರ ಇರಲಿಲ್ಲ,” ಎಂದಳು ಮಂಗಲಾ.

ಮಧ್ಯಾಹ್ನ ದಿಲೀಪ ಹೋಳಿಗೆಯ ಜಡಕ್ಕೆ ಅಂಗಿ ಕಳಚಿ ಗೂಟಕ್ಕೆ ಹಾಕಿ ಮಲಗಿದ್ದ. ಸಂಜೆ ಎದ್ದು ತೊಟ್ಟುಕೊಂಡು ಊರಿಗೆ ಹೊರಡುವಾಗ ಎಂದಿನಂತೆ ಜೇಬು ನೀವಿದ. ಬ್ಲೇಡು ಹಿಡಿದು ಹೊಸ್ತಿಲಲ್ಲಿ ಕೂತಿದ್ದ ಮಂಗಲಾಳ ಮಡಿಲ ತುಂಬ ಕೆಂಪು ದಾರದ ಚೂರು.

“ಭಾಳ ಎದ್ದಿತ್ರಿ. ನುಣ್ಣಗ ಮಾಡೇನಿ,” ಎಂದಳು.

ದಿಲೀಪ ಜೇಬಿನ ಮೇಲೆ ಬೆರಳಾಡಿಸುತ್ತಲೇ ನಿಂತ. ಬೆರಳು ಅತ್ತ ಸರಿಯಿತು, ಇತ್ತ ಸರಿಯಿತು, ಮತ್ತೆ ಅತ್ತ ಹೋಯಿತು. ಎಲ್ಲಿ ಏನು ಬರೆದಿತ್ತೆಂದು ಅದಕ್ಕೆ ಸಿಗಲೇ ಇಲ್ಲ.